ಶೀಘ್ರ ಎಂಬ ಪದ

ವಿರಾಜಪೇಟೆ ಕೋರ್ಟಿನ ಗೇಟಿಗೆ ತಾಗಿಕೊಂಡು ನನ್ನ ಮೇಜು.
ಮೇಜಿನ ಮೇಲೆ ಟೈಪ್‌ರೈಟರ್, ‘ಷ’ ಅರ್ಧ ಸವೆದದ್ದು.
ಜಾತಿ ಪತ್ರಕ್ಕೆ ಇಪ್ಪತ್ತು, ಜಮ್ಮಾ ತಕರಾರಿಗೆ ಐವತ್ತು.
ರಾಷ್ಟ್ರಪತಿಗೆ ಬರೆಯಲು ಎಷ್ಟು ಕೇಳಬೇಕೆಂದು
ಮೂವತ್ತೊಂದು ವರ್ಷದಲ್ಲಿ ಯಾರೂ ಕಲಿಸಿರಲಿಲ್ಲ.

ಬೊಳ್ಳವ್ವ ಬಂದದ್ದು ಕಾಫಿ ಕುಯ್ಲಿನ ಕೊನೆಯ ವಾರ.
ಬೆರಳಲ್ಲಿ ಇನ್ನೂ ಹಣ್ಣಿನ ಅಂಟು.
ಚೀಲದಿಂದ ತೆಗೆದಳು: ಹೈಕೋರ್ಟಿನ ತೀರ್ಪು,
ಸುಪ್ರೀಂ ಕೋರ್ಟಿನ ತೀರ್ಪು, ಒಂದು ಕಿತ್ತಳೆ.
ಕಿತ್ತಳೆ ನನಗೆ.

ಮಗ ಪೆಮ್ಮಯ್ಯ ಹಿಂಡಲಗಾ ಜೈಲಿನಲ್ಲಿ.
ಊರಿಗೆಲ್ಲ ಗೊತ್ತಿದ್ದದ್ದೇ: ಒಂದು ಬೇಲಿ, ದೊಡ್ಡಪ್ಪನ ಮಗ,
ಆತನ ಹೆಂಡತಿ, ಅಂಗಳದಲ್ಲಿ ಓಡಿದ ಹುಡುಗ.
ಕೈಲ್‌ಮುಹೂರ್ತ ಕಳೆದು ನಾಲ್ಕು ದಿನ;
ಕೋವಿಯ ಬಾಯಿಗೆ ಸಿಕ್ಕಿಸಿದ ತೋಕ್ ಹೂವು
ಬಾಡಿತ್ತಂತೆ, ಯಾರೂ ತೆಗೆದಿರಲಿಲ್ಲವಂತೆ.
“ಹೂವಿನ ಸಮೇತ ಹೊಡೆದ” ಎಂದಳು,
ಕಣ್ಣನ್ನು ಬೇರೆಲ್ಲೋ ಇಟ್ಟು.
“ಸತ್ತ ಮೂವರಿಗೂ ಅನ್ನ ಇಕ್ಕಿದವಳು ನಾನೇ. ಅದನ್ನೂ ಬರಿ.”
ಬರೆದೆ.

“ಈ ರಾಷ್ಟ್ರಪತಿ ಅಂದ್ರೆ, ಬರ್ನಾಡಣ್ಣ,
ಕೋರ್ಟಿಗಿಂತ ದೊಡ್ಡವರಾ?”
ಗೊತ್ತಿದ್ದಷ್ಟು ಹೇಳಿದೆ. ಎಪ್ಪತ್ತೆರಡನೇ ವಿಧಿ.
ಕ್ಷಮಿಸಬಹುದು, ತಗ್ಗಿಸಬಹುದು, ತಡೆಹಿಡಿಯಬಹುದು.
ಮೂರು ಸೇನೆಗೂ ಅವರೇ ದಂಡನಾಯಕರು;
ನಿಮ್ಮ ಅಣ್ಣ ಸುಬೇದಾರ್ ಮಂದಪ್ಪನ ಗೋಡೆಯಲ್ಲಿ
ಗಾಜು ಹಾಕಿದ ಕಾಗದ ಇದೆಯಲ್ಲ,
ನಿನ್ನ ನಿಷ್ಠೆಯ ಮೇಲೆ ಭರವಸೆಯಿಟ್ಟಿದ್ದೇವೆ ಅಂತ,
ಅದು ಅವರ ಹೆಸರಿನದೇ.
ಆದರೆ,
ಎಂದಾಗ ಅವಳ ಕಿವಿ ಹತ್ತಿರ ಬಂತು,
ಆದರೆ ಮಂತ್ರಿಗಳು ಹೇಳಿದ್ದಕ್ಕೆ ಅವರ ರುಜು.
ಒಂದು ಸಲ ವಾಪಸ್ ಕಳಿಸಬಹುದು, ಮತ್ತೆ ಯೋಚಿಸಿ ಅಂತ.
ತಿರುಗಿ ಅದೇ ಬಂದರೆ, ಅದೇ.

ಅವಳ ಮುಖ ಬಾಡೀತೆಂದು ಕಾದೆ.
ಅವಳು ನನಗೆ ಕೊಟ್ಟ ಕಿತ್ತಳೆಯನ್ನು ತಾನೇ ಸುಲಿಯತೊಡಗಿದಳು.
“ಓ. ಪಟ್ಟೆದಾರ.”

“ನಮ್ಮ ಮಾವ ಹಾಗೇ. ಒಕ್ಕದ ಜಮ್ಮಾ ಪೂರಾ ಅವರ ಹೆಸರಲ್ಲಿ,
ಒಂದು ಹಲಸಿನ ಮರ ಕಡಿಸೋಕೆ ಅಧಿಕಾರ ಇಲ್ಲ.
ನಿಂತರೆ ಎಲ್ಲರೂ ಕಾಲು ಮುಟ್ತಾರೆ,
ಕೂತರೆ ಎಲ್ಲರೂ ಹೇಳಿಕೊಡ್ತಾರೆ.
ಒಂದ್ಸಲ ಹುಡುಗರೆಲ್ಲ ಒಟ್ಟಾಗಿ
ಬಾಣೆಯ ಮರ ಮಾರೋ ಕಾಗದ ತಂದರು.
ವ್ಯಾಪಾರಿ ಜೀಪು ಆಫ್ ಕೂಡ ಮಾಡಿರಲಿಲ್ಲ.
ಮಾವ ಬೇಡ ಅನ್ನಲಿಲ್ಲ. ಅನ್ನೋ ಹಾಗಿಲ್ಲ.
ಆಯ್ತು, ನೋಡುವ ಅಂದರು.
ಕಾಗದ ಎಲೆ ಪೆಟ್ಟಿಗೆಯ ಅಡಿಗೆ ಹೋಯ್ತು.
ಕನ್ನಡಕ ಒಡೆದಿದೆ ಅಂದರು. ಆಮೇಲೆ ಹುತ್ತರಿ ಬಂತು.
ಆಮೇಲೆ ಬಲಗೈ ನೋವು.
ಮೂರು ಮಳೆಗಾಲ, ಬರ್ನಾಡಣ್ಣ.
ವ್ಯಾಪಾರಿ ತೀರಿಹೋದ. ಮರ ಇದೆ.”

ಕೊನೆಯ ಪ್ಯಾರಾ ಓದಿ ಹೇಳಿದೆ, ವಾಡಿಕೆಯಂತೆ:
ಆದ್ದರಿಂದ ತಾವು ಈ ಅರ್ಜಿಯನ್ನು ಶೀಘ್ರವಾಗಿ ಪರಿಶೀಲಿಸಿ...
“ಶೀಘ್ರ ಯಾಕೆ?”
ಎಲ್ಲದರಲ್ಲೂ ಇರುತ್ತದೆ, ಎಂದೆ. ರೇಷನ್ ಕಾರ್ಡಿನ ಅರ್ಜಿಯಲ್ಲೂ.
“ತೆಗಿ.”

ತೆಗೆಯಲು ಹಾಳೆಯನ್ನೇ ಮತ್ತೆ ಹೊಡೆಯಬೇಕು.
ಹೊಡೆದೆ. ರಾಷ್ಟ್ರಪತಿ ಎಂಬಲ್ಲಿ ಒತ್ತಕ್ಷರಕ್ಕೆ
ಪ್ರತಿ ಸಲವೂ ಯಂತ್ರ ಒಂದು ಹೆಜ್ಜೆ ಹಿಂದೆ ಹೋಗಿ ಬರುತ್ತದೆ.
ಅವಳು ಅದನ್ನೇ ನೋಡುತ್ತಿದ್ದಳು.

ಹೇಳದೆ ಉಳಿಸಿಕೊಂಡದ್ದು ಒಂದಿದೆ.
ಹೋದ ತಿಂಗಳು ಇದೇ ಸ್ಟೂಲಿನಲ್ಲಿ
ಅವಳ ಓರಗಿತ್ತಿ ಕೂತಿದ್ದಳು, ಸತ್ತವನ ತಾಯಿ.
ಅದೇ ವಿಳಾಸ, ಅದೇ ‘ಷ’.
ಕ್ಷಮಿಸಬೇಡಿ ಎಂದು. ಶೀಘ್ರ, ಎರಡು ಸಲ.
ಅವಳಿಗೂ ಅಷ್ಟೇ ಒತ್ತಿ ಹೊಡೆದಿದ್ದೆ.

ಐವತ್ತು ತೆಗೆದುಕೊಂಡೆ, ಅರ್ಧ ಕಿತ್ತಳೆ ತಿಂದೆ.
ಹುಳಿ ಇತ್ತು.

ಅಂಚೆ ಕಚೇರಿಯ ಸುಗುಣ ಸಂಜೆ ಚಹಾಕ್ಕೆ ಸಿಕ್ಕಾಗ ಹೇಳಿದಳು:
ದಿಲ್ಲಿಯ ವಿಳಾಸ ನೋಡಿ ಸ್ಪೀಡ್ ಪೋಸ್ಟಾ ಅಂದೆ ಸಾರ್,
ಆ ಹೆಂಗಸು ಬಹಳ ಹೊತ್ತು ಯೋಚಿಸಿ ಕೇಳಿದರು,
ನಡೆದುಕೊಂಡು ಹೋಗೋದು ಯಾವುದೂ ಇಲ್ವಾ ಅಂತ.